ಡೈ ಮತ್ತು ಗರಣೆ: ಧಮನಿಯ ಚಿತ್ರಣದ ಇತಿಹಾಸದಲ್ಲೊಂದು ವಿವಾದ

ರಕ್ತ ಗಟ್ಟಿಯಾಗುವ ಕ್ರಿಯೆಗೆ ಕನ್ನಡವು ಹೆಸರನ್ನು ಹಾಲಿನ ಗಡಿಗೆಯಿಂದ ತಂದಿದೆ. ಹಾಲಿನಂತೆಯೇ ರಕ್ತವೂ ಹೆಪ್ಪುಗಟ್ಟುತ್ತದೆ. ಹಾಗೆ ಗಟ್ಟಿಯಾದ ಮುದ್ದೆಗೆ ಗರಣೆ ಎಂದೂ ಕರಣೆ ಎಂದೂ ಹೆಸರು. ಹೋಲಿಕೆ ಬಹುಮಟ್ಟಿಗೆ ಸರಿಹೊಂದಿದರೂ ಒಂದು ಕಡೆ ತಪ್ಪುತ್ತದೆ: ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು, ರಕ್ತದ ಹೆಪ್ಪು ರಕ್ತದೊಳಗೇ ಇದ್ದು, ನಾಳದ ಗೋಡೆ ಗಾಯಗೊಂಡಾಗಲೋ ರಕ್ತವು ಗಾಜು, ಲೋಹ, ಪ್ಲಾಸ್ಟಿಕ್ಕಿನಂಥ ಅನ್ಯವಸ್ತುವಿನ ಮೈಗೆ ತಾಗಿದಾಗಲೋ ತಾನಾಗಿ ಎಚ್ಚರಗೊಳ್ಳುತ್ತದೆ. ಕಾಲಿಗೆ ಕುಡುಗೋಲು ತಾಗಿದವನನ್ನು ಉಳಿಸುವ ಈ ಗುಣವೇ, ಹೃದಯದ ನಾಳದ ಬಾಯಿಗೆ ನಳಿಕೆ ಇಟ್ಟಿರುವ ಹೊತ್ತಿನಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಆ ಹೊತ್ತಿನಲ್ಲಿ ನಾಳಕ್ಕೆ ಬಿಡುವ ದ್ರವವು ಹೆಪ್ಪನ್ನು ತಡೆಯುತ್ತದೆಯೇ ಅಥವಾ ಎಬ್ಬಿಸುತ್ತದೆಯೇ ಎಂಬ ಪ್ರಶ್ನೆ 1980ರ ದಶಕದಲ್ಲಿ ಹೃದಯವೈದ್ಯರನ್ನೂ ವಿಕಿರಣವೈದ್ಯರನ್ನೂ ಬಹುವಾಗಿ ಕಾಡಿತು.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯಲ್ಲಾಗಲಿ, ಅದರ ಸುತ್ತಣ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಇಂದು ಎದೆನೋವಿನ ಮಾತು ಬಂದರೆ ಅದರ ಬೆನ್ನಿಗೇ ಆಂಜಿಯೋಗ್ರಾಂ, ಬಲೂನು, ಸ್ಟೆಂಟು ಎಂಬ ಮಾತುಗಳೂ, ಡೈ ಬಿಟ್ಟು ನೋಡಿದರೆಂಬ ವಿವರವೂ ಬರುತ್ತವೆ. ಡೈ ಎಂಬ ಹೆಸರು ರೂಢಿಗೆ ಬಂದಿದ್ದರೂ ಅದು ಬಣ್ಣವಲ್ಲ. ಕಣ್ಣಿಗೆ ನೀರಿನಂತೆ ತಿಳಿಯಾಗಿ ಕಾಣುವ, ಬೆರಳಿಗೆ ತುಸು ಅಂಟುವ, ಅಯೋಡಿನ್ ಕೂಡಿದ ದ್ರವ ಅದು. ಅಯೋಡಿನ್ನಿನ ಪರಮಾಣು ಭಾರವಾದದ್ದರಿಂದ ಎಕ್ಸ್-ರೇ ಕಿರಣವನ್ನು ತಡೆಯುತ್ತದೆ; ಸುತ್ತಲಿನ ಮಾಂಸದಿಂದ ಬೇರೆಯಾಗಿ ಕಾಣದ ರಕ್ತನಾಳವು, ಈ ದ್ರವ ತುಂಬಿದ ಕೆಲವು ಕ್ಷಣಗಳ ಮಟ್ಟಿಗೆ, ಕೊಂಬೆ ರೆಂಬೆಗಳಿರುವ ಮರದಂತೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ವೈದ್ಯರು ಇದನ್ನು ಕಾಂಟ್ರಾಸ್ಟ್ ಎನ್ನುತ್ತಾರೆ.

ಈ ಸೀಮೆಯ ರೋಗಿಗಳಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹುಕಾಲ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೇ, ಅಂದರೆ ಜನರ ಬಾಯಲ್ಲಿ ದೊಡ್ಡಾಸ್ಪತ್ರೆಯೇ ಆಗಿತ್ತು. ಅದಕ್ಕೆ ಹೊಂದಿಕೊಂಡ ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬಳಿ, ಇಂದಿನ ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರು 1980ರ ದಶಕದ ನಡುವಿನಲ್ಲಿ ಕಟ್ಟಿದ ವೈದ್ಯಕೀಯ ಕಾಲೇಜು ಆಸ್ಪತ್ರೆಯು ಹಳ್ಳಿಗಾಡಿಗೇ ಕಾಲೇಜನ್ನು ತಂದ ಅಪರೂಪದ ಪ್ರಯತ್ನವಾಗಿತ್ತು. ಹೃದ್ರೋಗಕ್ಕೆಂದೇ ಮೀಸಲಾದ ಸರ್ಕಾರಿ ಸಂಸ್ಥೆ ಮಾತ್ರ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಅಂಗಳದಲ್ಲಿ ಬೆಳೆಯಿತು. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರು ಹೊತ್ತ ಆ ಸಂಸ್ಥೆ ಮುಂದೆ ಬನ್ನೇರುಘಟ್ಟ ರಸ್ತೆಗೆ ವಿಸ್ತಾರಗೊಂಡು, ಮೈಸೂರಿನಲ್ಲಿ ಶಾಖೆ ತೆರೆದು, ಆ ಶಾಖೆಗೆ ಕೆ.ಆರ್.ಎಸ್. ರಸ್ತೆಯಲ್ಲಿ ಸ್ವಂತ ಕಟ್ಟಡವೂ ಆದ ಮೇಲೆ, ಕೃಷ್ಣರಾಜಪೇಟೆ ಕಡೆಯವರಿಗೆ ಜಯದೇವ ಎಂಬುದು ಆಸ್ಪತ್ರೆಯೊಂದರ ಹೆಸರಾಗಿ ಉಳಿಯದೆ ಹೃದಯ ಚಿಕಿತ್ಸೆಗೇ ಪರ್ಯಾಯ ಪದವಾಯಿತು. ಆ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರೂ ಕೃಷ್ಣರಾಜಪೇಟೆಗೆ ಗಡಿಯಾದ ಚನ್ನರಾಯಪಟ್ಟಣ ತಾಲ್ಲೂಕಿನವರು, ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದವರು.

ದ್ರವದ ಹುಡುಕಾಟ ಇವೆಲ್ಲಕ್ಕಿಂತ ಹಳೆಯದು. ರಂಟ್ಗನ್ 1895ರ ನವೆಂಬರಿನಲ್ಲಿ ಎಕ್ಸ್-ರೇ ಕಂಡುಹಿಡಿದ ಮೂರು ತಿಂಗಳೊಳಗೆ, 1896ರ ಜನವರಿಯಲ್ಲಿ, ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು, ದೇಹದಿಂದ ಕತ್ತರಿಸಿ ತೆಗೆದ ಕೈಯೊಂದರ ನಾಳಗಳಿಗೆ ಸುಣ್ಣ, ಇಂಗಳೀಕ ಮತ್ತು ಕಲ್ಲೆಣ್ಣೆಯ ಮಿಶ್ರಣವನ್ನು ತುಂಬಿ ಚಿತ್ರ ತೆಗೆದರು. ಇಂಗಳೀಕವು ಪಾದರಸದ ಸಂಯುಕ್ತವಾದ್ದರಿಂದ ಕಿರಣವನ್ನು ಚೆನ್ನಾಗಿ ತಡೆಯಿತು, ಆದರೆ ಬದುಕಿರುವ ಮನುಷ್ಯನಿಗೆ ಅಂಥದ್ದನ್ನು ಕೊಡುವಂತಿರಲಿಲ್ಲ. ಜೀವಂತ ಧಮನಿಗೆ, ಎಂದರೆ ಹೃದಯದಿಂದ ಅಂಗಗಳಿಗೆ ರಕ್ತ ಒಯ್ಯುವ ನಾಳಕ್ಕೆ, ಬಿಡಬಹುದಾದ ದ್ರವ ಸಿಗಲು ಮುಂದೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಸಿಫಿಲಿಸ್ ರೋಗಕ್ಕೆ ಸೋಡಿಯಂ ಅಯೊಡೈಡ್ ಕೊಡುತ್ತಿದ್ದ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಆ ರೋಗಿಗಳ ಮೂತ್ರವು ಎಕ್ಸ್-ರೇಯಲ್ಲಿ ಕಾಣುವುದನ್ನು 1923ರಲ್ಲಿ ಪ್ರಕಟಿಸಿದರು. ಲಿಸ್ಬನ್ನಿನ ಏಗಸ್ ಮೋನಿಜ್ 1927ರಲ್ಲಿ ಮಿದುಳಿನ ಧಮನಿಗಳನ್ನು ತೋರಿಸಿದ್ದು, ಮೊದಲು ಬಳಸಿದ ಸ್ಟ್ರಾಂಷಿಯಂ ಬ್ರೋಮೈಡಿನಿಂದ ರೋಗಿಯೊಬ್ಬರು ತೀರಿಕೊಂಡ ಮೇಲೆ ಅದನ್ನು ಕೈಬಿಟ್ಟು, ಶೇಕಡಾ 25ರ ಸೋಡಿಯಂ ಅಯೊಡೈಡನ್ನು ಹಿಡಿದಾಗ. 1930ರ ದಶಕದಲ್ಲಿ ಬಂದ ಥೋರೋಟ್ರಾಸ್ಟ್ ಎಂಬ ಥೋರಿಯಂ ದ್ರವವು ನಾಳಕ್ಕೆ ಉರಿಯನ್ನೇ ಕೊಡದೆ ಸೊಗಸಾದ ಚಿತ್ರ ಕೊಟ್ಟಿತು. ಆದರೆ ವಿಕಿರಣ ಸೂಸುವ ಆ ಲೋಹ ಯಕೃತ್ತಿನಲ್ಲಿ ಉಳಿದುಕೊಂಡು, ಹತ್ತಾರು ವರ್ಷಗಳ ನಂತರ ಕ್ಯಾನ್ಸರಾಗಿ ತಲೆಯೆತ್ತಿತು. ತಕ್ಷಣ ನೋಯಿಸದ ದ್ರವ ನಿರಪಾಯಕಾರಿಯೆಂದು ನಂಬುವಂತಿಲ್ಲವೆಂಬುದಕ್ಕೆ ಈ ಕ್ಷೇತ್ರದಲ್ಲಿ ಸಿಕ್ಕ ಮೊದಲ ದೊಡ್ಡ ಸಾಕ್ಷಿ ಇದು.

ಇದೇ ಕಾಲದಲ್ಲಿ ಹೆಪ್ಪನ್ನು ತಡೆಯುವ ಮದ್ದೂ ಬೇರೊಂದು ದಾರಿಯಲ್ಲಿ ಬಂದಿತು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹಾವೆಲ್ ಅವರ ಕೈಕೆಳಗೆ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಗೆ 1916ರಲ್ಲಿ ನಾಯಿಯ ಯಕೃತ್ತಿನಿಂದ ತೆಗೆದ ಸಾರವು ಅದಕ್ಕೆ ತೀರ ವಿರುದ್ಧವಾಗಿ ವರ್ತಿಸುವುದು ಕಂಡಿತು. ಯಕೃತ್ತಿನ ಗ್ರೀಕ್ ಹೆಸರಿನಿಂದ ಅದಕ್ಕೆ ಹೆಪಾರಿನ್ ಎಂಬ ಹೆಸರಾಯಿತು. ಶುದ್ಧಗೊಳಿಸಿದ ಹೆಪಾರಿನ್ ಮನುಷ್ಯರಿಗೆ ದೊರೆತದ್ದು 1930ರ ದಶಕದಲ್ಲಿ. ಧಮನಿಯ ಚಿತ್ರಣದ ಇತಿಹಾಸದಲ್ಲಿ ದ್ರವಕ್ಕೆ ಎಷ್ಟು ಸ್ಥಾನವಿದೆಯೋ ಹೆಪಾರಿನ್ನಿಗೂ ಅಷ್ಟೇ ಸ್ಥಾನ ಸಲ್ಲಬೇಕು, ಆದರೆ ಬಹುತೇಕ ಬರಹಗಳಲ್ಲಿ ಅದು ಅಡಿಟಿಪ್ಪಣಿಯಾಗಿಯೇ ಉಳಿದಿದೆ.

ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ, ಚರ್ಮ ಸೀಳದೆ ಸೂಜಿಯಿಂದ ಚುಚ್ಚಿ, ಸೂಜಿಯೊಳಗಿಂದ ತಂತಿ ತೂರಿಸಿ, ತಂತಿಯ ಮೇಲಿಂದ ಕ್ಯಾಥಿಟರ್ ಎಂಬ ಸಪೂರ ನಳಿಕೆಯನ್ನು ಧಮನಿಗೆ ಇಳಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಪ್ರತಿ ಕ್ಯಾಥ್ ಲ್ಯಾಬಿನಲ್ಲಿ ನಡೆಯುವುದು ಅದೇ. ಕ್ಲೀವ್ಲೆಂಡಿನ ಮೇಸನ್ ಸೋನ್ಸ್ ಅವರ ಕೋಣೆಯಲ್ಲಿ 1958ರ ಅಕ್ಟೋಬರ್ 30ರಂದು, ಮಹಾಧಮನಿಗೆ ಹೋಗಬೇಕಾಗಿದ್ದ ಸುಮಾರು 30 ಮಿಲಿಲೀಟರ್ ದ್ರವವು ನಳಿಕೆ ಸರಿದದ್ದರಿಂದ ಹೃದಯಕ್ಕೇ ರಕ್ತ ಕೊಡುವ ಬಲ ಕೊರೊನರಿ ಧಮನಿಗೆ ಹೋಯಿತು. ಹೃದಯ ಕೆಲವು ಸೆಕೆಂಡು ನಿಂತಿತು, ರೋಗಿಗೆ ಕೆಮ್ಮಲು ಹೇಳಲಾಯಿತು, ಬಡಿತ ಮರಳಿತು, ಮತ್ತು ಕೊರೊನರಿ ಧಮನಿಗೆ ನೇರವಾಗಿ ದ್ರವ ಬಿಡಬಹುದೆಂಬುದು ಅಂದು ಗೊತ್ತಾಯಿತು. ಅಂದಿನ ದ್ರವ ಡಯಾಟ್ರಿಜೋಯೇಟ್. ಭಾರತದ ಆಸ್ಪತ್ರೆಗಳಲ್ಲಿ ಯುರೋಗ್ರಾಫಿನ್ ಎಂಬ ಹೆಸರಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದದ್ದೂ ಇದೇ.

ಡಯಾಟ್ರಿಜೋಯೇಟಿನ ಕಣದಲ್ಲಿ ಮೂರು ಅಯೋಡಿನ್ ಪರಮಾಣುಗಳಿವೆ, ಆದರೆ ಅದು ಲವಣ. ನೀರಿಗೆ ಬಿದ್ದೊಡನೆ ಉಪ್ಪಿನಂತೆ ಎರಡು ವಿದ್ಯುದಂಶಯುಕ್ತ ತುಣುಕುಗಳಾಗಿ, ಅಂದರೆ ಅಯಾನುಗಳಾಗಿ, ಒಡೆಯುತ್ತದೆ. ಹೀಗೆ ಒಡೆಯುವ ದ್ರವಗಳನ್ನು ಅಯಾನಿಕ ಎನ್ನುತ್ತಾರೆ. ಚಿತ್ರ ಕಾಣಲು ಬೇಕಾದಷ್ಟು ಅಯೋಡಿನ್ ತುಂಬಿದರೆ ದ್ರವದಲ್ಲಿ ತುಣುಕುಗಳ ದಟ್ಟಣೆ ಅತಿಯಾಗುತ್ತದೆ: ರಕ್ತದ ಆಸ್ಮೊಲಾಲಿಟಿ, ಎಂದರೆ ಕಿಲೋಗ್ರಾಂ ನೀರಿನಲ್ಲಿ ಕರಗಿದ ಕಣಗಳ ಲೆಕ್ಕ, ಸುಮಾರು 290 ಇದ್ದರೆ ಈ ದ್ರವಗಳದು 1,500ರಿಂದ 2,000 ಅಥವಾ ಅದಕ್ಕೂ ಮೇಲೆ. ಉಪ್ಪು ಬೆರೆಸಿಟ್ಟ ನಿಂಬೆಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಡುವಂತೆ, ಇಂಥ ದ್ರವ ಹರಿದ ಕಡೆ ರಕ್ತಕಣಗಳೂ ನಾಳದ ಒಳಪೊರೆಯ ಕೋಶಗಳೂ ನೀರು ಕಳೆದುಕೊಂಡು ಮುದುಡುತ್ತವೆ. ರೋಗಿಗೆ ಮೈಯೆಲ್ಲ ಬೆಂಕಿ ಹರಿದಂಥ ಉರಿಯಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕೆಲವೊಮ್ಮೆ ಹೃದಯದ ಲಯವೇ ತಪ್ಪುತ್ತದೆ. ಸ್ವೀಡನ್ನಿನ ಮಾಲ್ಮೊ ನಗರದ ವಿಕಿರಣವೈದ್ಯ ಟಾರ್ಸ್ಟೆನ್ ಅಲ್ಮೇನ್, ಸಮುದ್ರದ ಉಪ್ಪು ಹೆಚ್ಚಿದ ಕಡೆ ನೀರೊಳಗೆ ಕಣ್ಣು ತೆರೆದರೆ ಉರಿಯುವುದನ್ನೂ ಉಪ್ಪು ಕಡಿಮೆಯಿದ್ದ ಕಡೆ ಉರಿಯದಿರುವುದನ್ನೂ ಈಜುಗಾರನಾಗಿ ಬಲ್ಲವರಾದ್ದರಿಂದ, ಅಯೋಡಿನ್ ಕಣವನ್ನು ಒಡೆಯದಂತೆ ಕಟ್ಟಿದರೆ ಉರಿ ಕಡಿಮೆಯಾಗಬೇಕೆಂದು ತರ್ಕಿಸಿ 1969ರಲ್ಲಿ ಲೇಖನ ಬರೆದರು. ನಾರ್ವೆಯ ನೀಗಾರ್ಡ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1970ರ ದಶಕದಲ್ಲಿ ಮೆಟ್ರಿಜಮೈಡ್, 1980ರ ದಶಕದ ಆರಂಭದಲ್ಲಿ ಅಯೋಹೆಕ್ಸಾಲ್ ಬಂದವು, ಇಟಲಿಯಿಂದ ಅಯೋಪಮಿಡಾಲ್ ಬಂದಿತು. ಅಯಾನಿಕವಲ್ಲದ ಈ ದ್ರವಗಳ ಆಸ್ಮೊಲಾಲಿಟಿ ಸುಮಾರು 600ರಿಂದ 850. ರೋಗಿಗಳ ಮಟ್ಟಿಗೆ ಇದು ನಿಜವಾದ ಉಪಕಾರ. ಜಪಾನಿನಲ್ಲಿ ಕತಾಯಾಮ ಮತ್ತು ಸಂಗಡಿಗರು ಸಿರೆಗೆ, ಎಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಕ್ಕೆ, ದ್ರವ ಕೊಟ್ಟ 3,37,647 ಸಂದರ್ಭಗಳನ್ನು ಲೆಕ್ಕಹಾಕಿ 1990ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ತೀವ್ರ ಪ್ರತಿಕ್ರಿಯೆಗಳು ಅಯಾನಿಕ ದ್ರವದಲ್ಲಿ ಶೇಕಡಾ 0.22, ಹೊಸ ದ್ರವದಲ್ಲಿ ಶೇಕಡಾ 0.04 ಇದ್ದವು.

ಆ ವರದಿ ಹೊರಬರುವ ಮೊದಲೇ ಬೇರೊಂದು ಸುದ್ದಿ ಬಂದಿತ್ತು. ಅಮೆರಿಕದ ವಿಕಿರಣವೈದ್ಯ ಎಚ್.ಜೆ. ರಾಬರ್ಟ್‌ಸನ್ 1987ರಲ್ಲಿ, ಅಯಾನಿಕವಲ್ಲದ ದ್ರವ ತುಂಬಿದ ಸಿರಿಂಜುಗಳಲ್ಲಿ ರಕ್ತ ಸೇರಿದಾಗ ಗರಣೆ ಕಟ್ಟುತ್ತಿರುವುದನ್ನು ವರದಿ ಮಾಡಿದರು. ಇದರ ಗಾಂಭೀರ್ಯ ಅರಿಯಲು ಕೋಣೆಯಲ್ಲಿ ನಡೆಯುವ ಕೆಲಸವನ್ನು ಗಮನಿಸಬೇಕು. ನಳಿಕೆ ಧಮನಿಗೆ ಸೇರಿದ ಮೇಲೆ, ಒಳಗೆ ಗಾಳಿಗುಳ್ಳೆ ಉಳಿದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ವೈದ್ಯರು ಸಿರಿಂಜನ್ನು ಹಿಂದಕ್ಕೆಳೆದು ತುಸು ರಕ್ತ ಬರಿಸುತ್ತಾರೆ. ಆ ರಕ್ತ ದ್ರವದೊಡನೆ ಬೆರೆತು ಸಿರಿಂಜಿನಲ್ಲೇ ನಿಲ್ಲುತ್ತದೆ, ಮುಂದಿನ ಚಿತ್ರಕ್ಕೆ ಯಂತ್ರ ಸರಿಸುವವರೆಗೆ ಕೆಲವು ನಿಮಿಷ ಕಳೆಯುತ್ತದೆ, ಆಮೇಲೆ ಅದೇ ಸಿರಿಂಜನ್ನು ಒತ್ತಲಾಗುತ್ತದೆ. ಅಷ್ಟರಲ್ಲಿ ಒಳಗೆ ಎಳೆಯಷ್ಟು ಗರಣೆ ಕಟ್ಟಿದ್ದರೂ ಅದು ನೇರವಾಗಿ ಹೃದಯದ ಅಥವಾ ಮಿದುಳಿನ ಧಮನಿಗೆ ಹೋಗುತ್ತದೆ. ಸಿರೆಯಲ್ಲಿ ಹೊರಟ ಗರಣೆಗೆ ಶ್ವಾಸಕೋಶ ಅಡ್ಡವಿದೆ; ಧಮನಿಯಲ್ಲಿ ಹೊರಟದ್ದಕ್ಕೆ ಅಂಥ ಶೋಧಕವಿಲ್ಲ, ನಾಳ ಸಪೂರವಾಗುವ ಕಡೆ ಅದು ಸಿಕ್ಕಿಕೊಂಡು ಮುಂದಿನ ಅಂಗವನ್ನು ಒಣಗಿಸುತ್ತದೆ.

ಹಳೆಯ ದ್ರವದಲ್ಲಿ ಹೀಗೆ ಅಷ್ಟಾಗಿ ಏಕೆ ಆಗುತ್ತಿರಲಿಲ್ಲ ಎಂಬ ಪ್ರಶ್ನೆಗೆ ಪ್ರಯೋಗಶಾಲೆಗಳು ಉತ್ತರ ಹುಡುಕಿದವು. ಹೆಪ್ಪುಗಟ್ಟುವಾಗ ಎರಡು ಕೆಲಸಗಳು ಜೊತೆಜೊತೆಯಾಗಿ ನಡೆಯುತ್ತವೆ. ಡೆಂಗಿ ಜ್ವರದ ದೆಸೆಯಿಂದ ಈಗ ಮನೆಮಾತಾಗಿರುವ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಗಾಯದ ಬಳಿ ಒಂದಕ್ಕೊಂದು ಅಂಟಿಕೊಂಡು ತಡೆ ಕಟ್ಟುತ್ತವೆ. ರಕ್ತದ ನೀರಿನಲ್ಲಿರುವ ಪ್ರೋಟೀನುಗಳು ಒಂದರಿಂದೊಂದು ಎಚ್ಚರಗೊಳ್ಳುತ್ತ ಹೋಗಿ ಕೊನೆಗೆ ಥ್ರಾಂಬಿನ್ ಎಂಬ ಕಿಣ್ವವನ್ನು ಹುಟ್ಟಿಸುತ್ತವೆ, ಥ್ರಾಂಬಿನ್ನು ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ, ಆ ಎಳೆಗಳು ಬಲೆ ನೆಯ್ದು ಎಲ್ಲವನ್ನೂ ಹಿಡಿದಿಡುತ್ತವೆ. ಕಾಂಟ್ರಾಸ್ಟ್ ದ್ರವಗಳೆಲ್ಲವೂ ಈ ನೇಯ್ಗೆಯನ್ನು ಒಂದಿಷ್ಟು ಕೆಡಿಸುತ್ತವೆ, ಆದರೆ ಅಯಾನಿಕ ದ್ರವಗಳು ಹೆಚ್ಚು ಬಲವಾಗಿ ಕೆಡಿಸುತ್ತವೆ, ಹೊಸವು ಕಡಿಮೆ. ಅಂದರೆ ಮೈಗೆ ಬೆಂಕಿ ಹಚ್ಚುತ್ತಿದ್ದ ಹಳೆಯ ಯುರೋಗ್ರಾಫಿನ್ನೇ, ಯಾರೂ ಕೇಳದೆ, ಯಾರೂ ಗಮನಿಸದೆ, ಸಿರಿಂಜಿನೊಳಗಿನ ರಕ್ತವನ್ನು ಹೆಪ್ಪುಗಟ್ಟದಂತೆ ಕಾಯುತ್ತಿತ್ತು. ಉರಿಯನ್ನು ತೆಗೆದಾಗ ಆ ಕಾವಲೂ ಬಹುಪಾಲು ಹೋಯಿತು.

ಇಲ್ಲಿಂದ ಮುಂದಿನ ಮೂರು ನಾಲ್ಕು ವರ್ಷ ವೈದ್ಯಕೀಯ ಪತ್ರಿಕೆಗಳಲ್ಲಿ ನಡೆದ ವಾದದಲ್ಲಿ ಒಂದು ತಪ್ಪು ಮಾತು ಬೇರೂರಿತು: ಹೊಸ ದ್ರವಗಳು ಗರಣೆ ಉಂಟುಮಾಡುತ್ತವೆ ಎಂಬುದು. ಹೆಪ್ಪು ತಡೆಯುವ ಶಕ್ತಿ ಕಡಿಮೆಯಿರುವುದು ಬೇರೆ, ಹೆಪ್ಪುಗಟ್ಟಿಸುವುದು ಬೇರೆ. ಬರಿಯ ಉಪ್ಪುನೀರಿನಲ್ಲಿ ನಿಂತ ರಕ್ತ ಹೊಸ ದ್ರವದಲ್ಲಿ ನಿಂತದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಆದರೂ ಆತಂಕ ಪೂರ್ತಿ ಬುಡವಿಲ್ಲದ್ದೆಂದು ತಳ್ಳಿಹಾಕುವಂತಿರಲಿಲ್ಲ. ಕ್ರೋನೋಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲವು ಹೊಸ ದ್ರವಗಳು ಪ್ಲೇಟ್‌ಲೆಟ್ಟುಗಳನ್ನು ಕೆರಳಿಸಿ ಅವುಗಳೊಳಗಿನ ಅಂಟು ವಸ್ತುಗಳನ್ನು ಹೊರಚೆಲ್ಲುವಂತೆ ಮಾಡಿದವು. ಅಯಾನಿಕವಾದರೂ ಆಸ್ಮೊಲಾಲಿಟಿ ಕಡಿಮೆಯಿರುವ ಅಯೋಕ್ಸಾಗ್ಲೇಟ್ ಎಂಬ ದ್ರವ ಹಾಗೆ ಮಾಡಲಿಲ್ಲ. ಆದ್ದರಿಂದ 1990ರ ದಶಕದಲ್ಲಿ ಅನೇಕ ಹೃದಯವೈದ್ಯರು, ಮಾಮೂಲಿ ಆಂಜಿಯೋಗ್ರಾಂಗೆ ಹೊಸ ದ್ರವವನ್ನೂ, ಗರಣೆಯ ಭಯ ಹೆಚ್ಚಿರುವ ಆಂಜಿಯೋಪ್ಲಾಸ್ಟಿಗೆ, ಎಂದರೆ ಬಲೂನು ಉಬ್ಬಿಸಿ ಮುಚ್ಚಿದ ನಾಳ ಬಿಡಿಸುವ ಕೆಲಸಕ್ಕೆ, ಅಯೋಕ್ಸಾಗ್ಲೇಟನ್ನೂ ಬಳಸುತ್ತಿದ್ದರು. ಬಲೂನು ಉಬ್ಬಿದಾಗ ನಾಳದ ಒಳಪೊರೆ ಹರಿಯುವುದು ಸಹಜ, ಹರಿದ ಕಡೆ ಹೆಪ್ಪು ಎಚ್ಚರಗೊಳ್ಳುವುದೂ ಸಹಜ. ಆಂಡ್ರಿಯಾಸ್ ಗ್ರುಂಟ್ಸಿಗ್ 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಮೊದಲ ಕೊರೊನರಿ ಬಲೂನು ಉಬ್ಬಿಸಿದ ದಿನದಿಂದಲೂ ಈ ಭಯ ಆ ಕೆಲಸದ ಜೊತೆಗೇ ಇತ್ತು.

ಒಂದು ಕಣದಲ್ಲಿ ಆರು ಅಯೋಡಿನ್ ಪರಮಾಣುಗಳಿದ್ದು, ಆಸ್ಮೊಲಾಲಿಟಿ ರಕ್ತದಷ್ಟೇ ಇರುವ, ಅಯಾನಿಕವಲ್ಲದ ಅಯೋಡಿಕ್ಸನಾಲ್ ಬಂದ ಮೇಲೆ ಎರಡು ದೊಡ್ಡ ಪರೀಕ್ಷೆಗಳು ಅದನ್ನು ಅಯೋಕ್ಸಾಗ್ಲೇಟಿನೊಡನೆ ಹೋಲಿಸಿ ನೋಡಿದವು. ಎರಡರ ಫಲವೂ 2000ದಲ್ಲಿ ಪ್ರಕಟವಾಯಿತು. ಹೆಚ್ಚು ಅಪಾಯದಲ್ಲಿದ್ದ 856 ರೋಗಿಗಳ ಅಮೆರಿಕದ ಪರೀಕ್ಷೆಯಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಉಂಟಾದ ಗಂಭೀರ ಹೃದಯಾಘಾತಗಳಂಥ ತೊಂದರೆಗಳು ಅಯೋಡಿಕ್ಸನಾಲಿನಲ್ಲಿ ಶೇಕಡಾ 5.4, ಅಯೋಕ್ಸಾಗ್ಲೇಟಿನಲ್ಲಿ ಶೇಕಡಾ 9.5, 1,411 ರೋಗಿಗಳ ಯುರೋಪಿನ ಪರೀಕ್ಷೆಯಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಯಾನಿಕ ದ್ರವವೇ ಕಾಪಾಡುತ್ತದೆಂಬ ಪ್ರಯೋಗಶಾಲೆಯ ನಂಬಿಕೆಗೆ ಇವೆರಡರಲ್ಲಿ ಯಾವುದೂ ಬೆಂಬಲ ಕೊಡಲಿಲ್ಲ. ಅಷ್ಟರಲ್ಲಿ ಬಲೂನಿನ ಜೊತೆಗೆ ಲೋಹದ ಬಲೆಯಾದ ಸ್ಟೆಂಟೂ, ಆಸ್ಪಿರಿನ್ನಿನ ಜೊತೆಗೆ ಪ್ಲೇಟ್‌ಲೆಟ್ಟುಗಳನ್ನು ಹತ್ತಿಕ್ಕುವ ಎರಡನೆಯ ಗುಳಿಗೆಯೂ ರೂಢಿಗೆ ಬಂದು, ದ್ರವಗಳ ನಡುವಿನ ಈ ಅಂತರ ಅವುಗಳ ಬಲದ ಮುಂದೆ ಕ್ಷೀಣವಾಗಿತ್ತು.

ವಿವಾದದ ಕುರುಹು ಇಂದಿಗೂ ದ್ರವದ ಬಾಟಲಿಯೊಂದಿಗೆ ಬರುವ ಮುದ್ರಿತ ಎಚ್ಚರಿಕೆಯಲ್ಲಿ ಉಳಿದಿದೆ: ಅಯಾನಿಕವಲ್ಲದ ದ್ರವಗಳು ಹೆಪ್ಪನ್ನು ಕಡಿಮೆ ತಡೆಯುತ್ತವೆ, ಸಿರಿಂಜಿನಲ್ಲಿ ರಕ್ತ ನಿಂತರೆ ಗರಣೆ ಕಟ್ಟಬಹುದು, ಗಾಜಿನ ಬದಲು ಪ್ಲಾಸ್ಟಿಕ್ ಸಿರಿಂಜು ಬಳಸಿದರೆ ಆ ಸಂಭವ ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಗಾಜಿನ ಮೈ ಹೆಪ್ಪಿನ ಪ್ರೋಟೀನುಗಳನ್ನು ಪ್ಲಾಸ್ಟಿಕ್ಕಿಗಿಂತ ಚುರುಕಾಗಿ ಎಬ್ಬಿಸುವುದೇ ಇದಕ್ಕೆ ಕಾರಣ. ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದ ಗಾಜಿನ ಸಿರಿಂಜು ಕರ್ನಾಟಕದ ಆಸ್ಪತ್ರೆಗಳಿಂದ ಮರೆಯಾದದ್ದು ಸೋಂಕಿನ ಭಯದಿಂದ. ಹೆಪ್ಪಿನ ವಿಷಯದಲ್ಲಿ ಆದ ಲಾಭ ಯಾರ ಲೆಕ್ಕದಲ್ಲೂ ಇರಲಿಲ್ಲ.

ದ್ರವ ಬಿಟ್ಟುಕೊಟ್ಟ ಕಾವಲು ಹೀಗೆ ಕೈಕೆಲಸಕ್ಕೆ ಬಂದಿತು, ಮತ್ತು ಇದುವೇ ಈ ಇತಿಹಾಸದ ತಿರುಳು. ಇಂದಿನ ಕ್ಯಾಥ್ ಲ್ಯಾಬಿನಲ್ಲಿ ನಳಿಕೆಯ ಬುಡಕ್ಕೆ ಮೂರು ಬಾಯಿಗಳ ಜೋಡಣೆಯಿದ್ದು, ಒಂದು ರಕ್ತದೊತ್ತಡ ಅಳೆಯಲು, ಒಂದು ಉಪ್ಪುನೀರಿಗೆ, ಒಂದು ಕಾಂಟ್ರಾಸ್ಟಿಗೆ ಮೀಸಲಾಗಿರುತ್ತದೆ. ಹಿಂದಕ್ಕೆ ಬಂದ ರಕ್ತವನ್ನು ಮರಳಿ ಒತ್ತದೆ ಹೊರಚೆಲ್ಲಿ, ಹೆಪಾರಿನ್ ಬೆರೆಸಿದ ಉಪ್ಪುನೀರಿನಿಂದ ನಳಿಕೆಯನ್ನು ಮತ್ತೆ ಮತ್ತೆ ತೊಳೆಯುತ್ತಾರೆ, ಕೋಣೆಯ ಭಾಷೆಯಲ್ಲಿ ಫ್ಲಶ್ ಮಾಡುತ್ತಾರೆ. ತಂತಿಯನ್ನು ಹೊರಗೆಳೆದಾಗಲೆಲ್ಲ ತೇವವಾದ ಬಟ್ಟೆಯಿಂದ ಒರೆಸುತ್ತಾರೆ, ಏಕೆಂದರೆ ತಂತಿಯ ಮೈಮೇಲೂ ಗರಣೆ ಕಟ್ಟುತ್ತದೆ. ಸ್ಟೆಂಟ್ ಹಾಕುವುದಿದ್ದರೆ ರೋಗಿಯ ತೂಕಕ್ಕೆ ತಕ್ಕಂತೆ, ಕಿಲೋಗೆ 70ರಿಂದ 100 ಯೂನಿಟ್ ಲೆಕ್ಕದಲ್ಲಿ, ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಹಿಡಿಯುತ್ತದೆಂಬುದನ್ನು ಅಲ್ಲೇ ಅಳೆದು ನೋಡುತ್ತಾರೆ. ಈ ಕೆಲಸದ ಬಹುಭಾಗ ಬೀಳುವುದು ಚಿತ್ರದಲ್ಲಾಗಲಿ ವರದಿಯಲ್ಲಾಗಲಿ ಹೆಸರು ಕಾಣಿಸದ ತಂತ್ರಜ್ಞರು ಮತ್ತು ನರ್ಸುಗಳ ಮೇಲೆ. ಅವರು ಒಮ್ಮೆ ಮರೆತರೆ ಏನಾಗಬಹುದೆಂಬುದನ್ನು ನೆನೆದಾಗ, ಅವರ ಬೇಸರವಿಲ್ಲದ ಪುನರಾವರ್ತನೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆನ್ನದೆ ನಿರ್ವಾಹವಿಲ್ಲ.

ಹೊಸ ದ್ರವ ಬಡವರನ್ನು ತಲುಪಲು ಕಾಲ ಹಿಡಿಯಿತು. ಆರಂಭದಲ್ಲಿ ಅಮೆರಿಕದಂಥ ಸಿರಿವಂತ ದೇಶದಲ್ಲೂ ಅದರ ಬೆಲೆ ಹಳೆಯದರ ಹತ್ತು ಪಟ್ಟಿಗೂ ಮಿಕ್ಕಿದ್ದು, ಯಾರಿಗೆ ಯಾವುದನ್ನು ಕೊಡಬೇಕೆಂಬುದು ಅಲ್ಲಿಯೂ ಚರ್ಚೆಯ ವಿಷಯವಾಗಿತ್ತು. ಕರ್ನಾಟಕದಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ, ಆಮೇಲಿನ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗಳು ದೊಡ್ಡ ಚಿಕಿತ್ಸೆಗಳನ್ನು ಹಳ್ಳಿಯವರ ಅಳವಿಗೆ ತಂದವು; 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಮದ್ದು ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿಯ ಮಿತಿ ಹಾಕಿತು. ಎದೆನೋವಿನ ಮೊದಲ ಗಂಟೆಗಳಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ಜಯದೇವದಂಥ ಕೇಂದ್ರದ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ಗರಣೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ, ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ರಾಜ್ಯದಲ್ಲಿ ಬಂದಿದೆ.

ತೊಡೆಯ ಬದಲು ಮಣಿಕಟ್ಟಿನ ಧಮನಿಯಿಂದ ನಳಿಕೆ ತೂರಿಸುವ ಪದ್ಧತಿ, ಕೆನಡಾದ ಲೂಸಿಯೆನ್ ಕಾಂಪೋ 1989ರಲ್ಲಿ ವರದಿ ಮಾಡಿದ್ದು, ಇಂದು ಇಲ್ಲಿಯೂ ಸಾಮಾನ್ಯವಾಗಿದೆ; ಆ ಕಿರಿದಾದ ನಾಳ ಮುಚ್ಚಿಹೋಗದಿರಲೆಂದು ಚಿತ್ರಕ್ಕೆ ಮಾತ್ರ ಬಂದವರಿಗೂ ಹೆಪಾರಿನ್ ಕೊಡುತ್ತಾರೆ. ಕೆಲಸ ಮುಗಿದು ನಳಿಕೆ ಹೊರಬಂದ ಕ್ಷಣದಿಂದ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿಯವರೆಗೆ ಯಾವ ಹೆಪ್ಪನ್ನು ದ್ರವದಿಂದ, ಮದ್ದಿನಿಂದ, ತೊಳೆಯುವ ಕೈಯಿಂದ ತಡೆದಿದ್ದರೋ ಅದೇ ಹೆಪ್ಪು ಈಗ ಸೂಜಿ ಚುಚ್ಚಿದ ತೂತಿನಲ್ಲಿ ಕಟ್ಟಬೇಕು, ಆದರೆ ನಾಳದೊಳಗೆ ಕಟ್ಟಬಾರದು. ಮಣಿಕಟ್ಟಿಗೆ ಸುತ್ತಿದ ಪಟ್ಟಿಯನ್ನು ರಕ್ತ ಜಿನುಗದಷ್ಟು ಮಾತ್ರ ಬಿಗಿದು, ನಾಡಿ ನಿಲ್ಲದಂತೆ ನೋಡಿಕೊಂಡು, ನರ್ಸೊಬ್ಬರು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಹೋಗುತ್ತಾರೆ. ಪಟ್ಟಿ ಬಿಚ್ಚಿ, ಕೆಂಪು ಕಾಣದಿದ್ದರೆ, ಕೃಷ್ಣರಾಜಪೇಟೆ ಕಡೆಯ ರೋಗಿ ಆ ಕೈಯಲ್ಲಿ ಭಾರ ಎತ್ತಬಾರದೆಂಬ ಮಾತು ಕೇಳಿಸಿಕೊಂಡು ಊರಿನ ದಾರಿ ಹಿಡಿಯುತ್ತಾರೆ.